ಸೋತ ಹಾಳೆಗಳ ಬೀರು

ರಾಷ್ಟ್ರೀಯ ಚದುರಂಗ ಒಕ್ಕೂಟದ ತರಬೇತಿ ವಿಭಾಗಕ್ಕೆ ಮೂವತ್ತೊಂದು ವರ್ಷ ಬೆನ್ನೆಲುಬಾಗಿದ್ದು, ಗೆದ್ದ ಮಕ್ಕಳನ್ನು ಮೆರೆಸುವುದಕ್ಕಿಂತ ಸೋಲಿನಿಂದ ಕಲಿಯಬಲ್ಲ ಮಕ್ಕಳನ್ನು ಹುಡುಕಿ ಬೆಳೆಸುವುದೇ ಒಕ್ಕೂಟದ ಕೆಲಸವೆಂದು ನಂಬಿ ನಡೆದ ಹಿರಿಯರು ಈಗ ನಿವೃತ್ತರಾಗುತ್ತಿದ್ದಾರೆ. ಮಕ್ಕಳ ಬಾಯಲ್ಲಿ ಅವರು ‘ಬೀಗದ ಸರ್’. ಸೋತ ಮಗು ತನ್ನ ನಡೆಗಳನ್ನು ಬರೆದ ಹಾಳೆಯನ್ನು ಅವರಿಗೆ ಒಪ್ಪಿಸಬೇಕು. ಅದು ಕಬ್ಬಿಣದ ಬೀರು ಸೇರಿದೊಡನೆ ಬೀಗ ಬೀಳುತ್ತಿತ್ತು. ಗೆದ್ದವರ ಹಾಳೆ ಅವರಿಗೆ ಬೇಡ.

ಈಗ ಅವರ ಸ್ಥಾನಕ್ಕೆ ಬಂದಿರುವ ಶಿಷ್ಯೆಗೆ ಹದಿಮೂರನೆಯ ವಯಸ್ಸಿನಿಂದಲೂ ಆ ಬೀರುವಿನ ಮೇಲೆ ಒಂದು ಕಣ್ಣು. ದರ್ಜಿಯ ಮಗಳಾದ ಆಕೆಗೆ ಪುಸ್ತಕ ಕೊಟ್ಟವರು, ಶಿಬಿರದಲ್ಲಿ ಜ್ವರ ಬಂದಾಗ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತವರು ಅವರೇ. ಇಷ್ಟೊಂದು ಅಕ್ಕರೆ ಯಾಕೆ ಎಂಬ ಅನುಮಾನ ಮಾತ್ರ ಆಕೆಯನ್ನು ಬಿಡಲಿಲ್ಲ. ಕಿರಿಯರ ತಂಡದ ಆಯ್ಕೆಯ ಕೊನೆಯ ಪಂದ್ಯದಲ್ಲಿ ಎದುರಾಳಿ ಹುಡುಗಿ, ಉತ್ತರಗಳನ್ನೆಲ್ಲ ಮನೆಯಿಂದಲೇ ಕಟ್ಟಿಕೊಂಡು ಬಂದವಳಂತೆ, ಪ್ರತಿ ನಡೆಗೂ ಥಟ್ಟನೆ ಮರುನಡೆ ಆಡಿದಳು. ತಂಡದ ಜಾಗ ಕೈತಪ್ಪಿತು.

“ಅಪ್ಪಾ, ನನ್ನ ಹಾಳೆಗಳು ಅವಳ ಕೈಗೆ ಹೋಗಿವೆ,” ಎಂದು ಆಕೆ ಅತ್ತಾಗ, ತಂದೆ ಸೂಜಿಗೆ ದಾರ ಪೋಣಿಸುತ್ತಲೇ, “ಬೀಗ ಒಡೆದಿಲ್ಲ ಅಂದ್ರೆ ಕೀಲಿಕೈ ಇಟ್ಕೊಂಡಿರೋರನ್ನೇ ಕೇಳ್ಬೇಕಮ್ಮ,” ಎಂದರಂತೆ.

ಕೇಳಲಿಲ್ಲ. ಹದಿನೆಂಟು ವರ್ಷ ಕೇಳಲಿಲ್ಲ. ಆಟಕ್ಕೆ ಒಂದೇ ಬಗೆಯ ಆರಂಭವನ್ನು ನೆಚ್ಚಿಕೊಂಡಿದ್ದವಳು ಹಟಕ್ಕೆ ಬಿದ್ದು ಇನ್ನೂ ಮೂರು ಬಗೆ ಕಲಿತಳು, ಮರುವರ್ಷ ತಂಡ ಸೇರಿದಳು, ಮುಂದೆ ತರಬೇತಿ ಕೊಡುವವಳಾಗಿ ಅವರ ಪಕ್ಕದ ಮೇಜಿಗೇ ಬಂದಳು. ಅವರು ಕೀಲಿಕೈಯನ್ನು ಎಲ್ಲಿಡುತ್ತಾರೆಂದು ದಿನವೂ ಗಮನಿಸಿದಳು.

ಕಳೆದ ತಿಂಗಳು ಅದನ್ನು ಅವರು ತಾವಾಗಿಯೇ ಆಕೆಯ ಅಂಗೈಯಲ್ಲಿಟ್ಟಾಗ ತಡೆಯಲಾಗಲಿಲ್ಲ. “ಸರ್, ಆ ವರ್ಷ ನನ್ನ ಹಾಳೆಗಳನ್ನ ಅವಳಿಗೆ ಕೊಟ್ಟಿದ್ದು ನೀವೇ ಅಲ್ವಾ?”

“ನಾನೇ,” ಎಂದರು ಹಿರಿಯರು. “ಒಂದೇ ದಾರಿ ಹಿಡಿದಿದ್ದೆ ನೀನು. ಎಷ್ಟು ಹೇಳಿದ್ರೂ ಕಿವಿಗೆ ಹಾಕ್ಕೊಳ್ಲಿಲ್ಲ. ಹೊರದೇಶಕ್ಕೆ ಹೋಗಿ ಸೋಲೋ ಬದಲು ಇಲ್ಲೇ ಸೋಲಲಿ ಅಂದ್ಕೊಂಡೆ.”

“ಹಾಗಾದ್ರೆ ಅವಳ ಹಾಳೆಗಳನ್ನ ನನಗ್ಯಾಕೆ ಕೊಡ್ಲಿಲ್ಲ?”

ಅವರು ಬೀರುವಿನ ಕಡೆ ತಿರುಗಿದರು. “ಅದು ತಪ್ಪಮ್ಮ. ನನಗೆ ಹೊಳೀಲೇ ಇಲ್ಲ.”

ಇದನ್ನು ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಅಚ್ಚು ಹಾಕುವುದೇ ಎಂದು ಸಂಪಾದಕರು ಹಿಂಜರಿದಾಗ, ಹಾಕಲೇಬೇಕೆಂದು ಪಟ್ಟು ಹಿಡಿದವರೂ ಆ ಹಿರಿಯರೇ. ಶಿಷ್ಯೆಯ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಗೌರವ ಎಳ್ಳಷ್ಟೂ ತಗ್ಗಿಲ್ಲ. ಬೀರು ಇದ್ದಲ್ಲೇ ಇದೆ, ಬೀಗವಿಲ್ಲ. ಹೊಸ ನಿಯಮದಂತೆ ಒಂದು ಮಗುವಿನ ಹಾಳೆಯನ್ನು ಇನ್ನೊಂದು ಮಗು ನೋಡಿದರೆ, ನೋಡಿದ ಮಗುವಿನ ಹಾಳೆಯೂ ಮೊದಲನೆಯದಕ್ಕೆ ಸಿಗುತ್ತದೆ. ಹಿರಿಯರು ನೂರ್ಕಾಲ ಬಾಳಲಿ, ವಾರಕ್ಕೊಮ್ಮೆಯಾದರೂ ಬಂದು ಆ ಹಾಳೆಗಳನ್ನು ತಿರುವಿ ನಮಗೆ ದಾರಿ ತೋರಲಿ. ಬಂದಾಗಲೆಲ್ಲ, ಮಕ್ಕಳಂತೆ ಅವರೂ, ಯಾರ ಹಾಳೆ ನೋಡಿದೆನೆಂದು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋಗಲಿ.