ಕರ್ಚೀಫಿನ ಘಾಟು

ಪದವಿ ಪಡೆದ ಮೇಲೆ ನನಗೆ ಮೊದಲು ಅಂಟಿಕೊಂಡದ್ದು ದಣಿವು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ, ಒಂದು ಖಾಸಗಿ ಪ್ರೌಢಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕನಾಗಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ. ಆದ್ದರಿಂದ ಬಾಯಿ ತೆರೆಯುವ ಮುನ್ನ ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತಿದ್ದೆ. ಪಾಠಕ್ಕಿಂತ ಈ ತಿದ್ದುವಿಕೆಯೇ ನನ್ನನ್ನು ಹೆಚ್ಚು ದಣಿಸುತ್ತಿತ್ತು.

ಅವ್ವ ಪೇಟೆಯ ಅಂಗಳವೊಂದರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನನ್ನ ಓದು ನಡೆದದ್ದು ಆ ಬೆರಳುಗಳಿಂದಲೇ. ಸಂಜೆ ಮನೆಗೆ ಬಂದೊಡನೆ ಕೈಗೆ ಶೇಂಗಾ ಎಣ್ಣೆ ಸವರಿ, ಬೂದಿಯಿಂದ ಉಜ್ಜಿ ತೊಳೆಯುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅಷ್ಟು ತೊಳೆದರೆ ಸಾಕಾಗುತ್ತಿತ್ತು.

ಹಾವೇರಿಯ ಶಾಲೆಯೊಂದರಿಂದ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿತು. ಹಿಂದಿನ ಸಂಜೆ ಅವ್ವ ಎಂದಿನಂತೆ ಕೈ ತೊಳೆದು, ನನ್ನ ಬಿಳಿಯ ಕರ್ಚೀಫನ್ನು ತೊಡೆಯ ಮೇಲೆ ಹಾಸಿ, ಅಂಗೈಯಿಂದ ಒತ್ತಿ ಒತ್ತಿ ಮಡಚಿಕೊಟ್ಟಳು. ಆ ವಾರ ಅಂಗಳಕ್ಕೆ ಮೊದಲ ಸಲ ಆಂಧ್ರದ ಕಾಯಿ ಬಂದಿತ್ತೆಂಬುದು ನನಗೆ ತಿಳಿದಿರಲಿಲ್ಲ. ಅದರ ಖಾರ ಒಂದು ತೊಳೆತಕ್ಕೆ ಬಿಡುವುದಿಲ್ಲವೆಂಬುದು ಅವಳಿಗೆ ತಿಳಿದಿರಲಿಲ್ಲ.

ಸಂದರ್ಶನದ ಕೋಣೆಯಲ್ಲಿ ಕುಳಿತು ಮುಖದ ಬೆವರು ಒರೆಸಿಕೊಂಡೆ. ಮರುಕ್ಷಣವೇ ಕಣ್ಣುಗಳಿಗೆ ಬೆಂಕಿ ಬಿದ್ದಂತಾಗಿ ನೀರು ಸುರಿಯತೊಡಗಿತು.

“ಯಾಕ್ರಿ ಮಾಸ್ತರ, ಪ್ರಶ್ನೆ ಕೇಳೂದಕ್ಕಿಂತ ಮದ್ಲ ಅಳಾಕತ್ತೀರಿ?” ಎಂದು ಹಿರಿಯ ಸದಸ್ಯರೊಬ್ಬರು ನಕ್ಕರು.

“ನೆಗಡಿಯಾಗಿದೆ, ಸರ್.”

“ಬ್ಯಾಡಗಿಯವರಂತ. ತಾಯಿಯವರು ಏನ್ ಮಾಡ್ತಾರ್ರಿ?”

“ಗೃಹಿಣಿ” ಎಂದೆ, ಅತ್ಯಂತ ಶುದ್ಧವಾಗಿ.

ಹುದ್ದೆ ಬೇರೊಬ್ಬರಿಗೆ ಹೋಯಿತು. ಹಾಗೆಂದು ಪತ್ರ ಬಂದ ಸಂಜೆ ಕರ್ಚೀಫನ್ನು ಅವ್ವನ ಮುಂದೆ ಎಸೆದು ನಡೆದದ್ದನ್ನು ಹೇಳಿದೆ. ‘ಗೃಹಿಣಿ’ ಎಂದದ್ದನ್ನು ಮಾತ್ರ ಹೇಳಲಿಲ್ಲ. “ಇನ್ನ ಮ್ಯಾಲೆ ಈ ಕೈಯಿಂದ ನನ್ನ ಸಾಮಾನು ಮುಟ್ಟಬ್ಯಾಡ” ಎಂದುಬಿಟ್ಟೆ. ಅವಳು ಅದನ್ನು ಎತ್ತಿ ಮೂಸಿದಳು. “ಖರೇನ, ಆಂಧ್ರದ ಕಾಯಿ” ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನದಿಂದ ನನ್ನ ಬುತ್ತಿಯ ರೊಟ್ಟಿಗಳು ಬಟ್ಟೆಯ ಮೇಲೆ ಹಾಗೆಯೇ ಇರುತ್ತಿದ್ದವು. ಅವ್ವ ಬಟ್ಟೆ ಮುಟ್ಟುತ್ತಿರಲಿಲ್ಲ, ಗಂಟನ್ನು ನಾನೇ ಕಟ್ಟಿಕೊಳ್ಳಬೇಕಾಗಿತ್ತು. ಅದೇ ವಾರ ತರಗತಿಯಲ್ಲಿ ‘ಕೃತಜ್ಞತೆ’ ಎಂಬ ಪ್ರಬಂಧವನ್ನು ಬರೆಸುವ ಸರದಿ ಬಂದಿತು. ಉಪಕಾರವನ್ನು ಸ್ಮರಿಸುವವನ ಮನಸ್ಸು ಸದಾ ಪ್ರಸನ್ನವಾಗಿರುತ್ತದೆ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ನಕಲು ಮಾಡಿಕೊಂಡರು. ನನಗೆ ಕುರ್ಚಿಯಲ್ಲಿ ಕುಳಿತುಕೊಂಡರೆ ಸಾಕಾಗಿತ್ತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಮನೆಗೆ ಬೀಗ ಹಾಕಿತ್ತು. ಕೀಲಿಗಾಗಿ ಅಂಗಳಕ್ಕೆ ಹೋದೆ. ಕೆಂಪು ರಾಶಿಗಳ ನಡುವೆ ಕುಳಿತಿದ್ದ ಹೆಂಗಸರಲ್ಲಿ ನಗೆ ಎದ್ದಿತು.

“ಸೆರಗು ಹೊದ್ಕೊಳ್ರೆ, ಸಾಲಿ ಮಾಸ್ತರ ಬಂದ್ರು! ತಪ್ಪ ಮಾತಾಡಿದ್ರ ಬೆಂಚಿನ ಮ್ಯಾಲೆ ನಿಂದ್ರಸ್ತಾರ!”

ಅವ್ವ ಮೂಲೆಯಲ್ಲಿದ್ದಳು. ಹತ್ತು ಬೆರಳುಗಳಿಗೂ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡಿದ್ದಳು. ಚಿಂದಿ ಸುತ್ತಿದ ಬೆರಳಿಗೆ ತೊಟ್ಟು ಸಿಗದೆ ಜಾರುತ್ತಿತ್ತು. ಉಳಿದವರ ರಾಶಿ ಕರಗಿದ್ದರೂ ಅವಳದು ಹಾಗೆಯೇ ಇತ್ತು.

“ನೋಡಪಾ ನಿಮ್ಮವ್ವನ್ನ” ಎಂದಳು ಪಕ್ಕದವಳು. “ಮದಲಗಿತ್ತಿ ಆಗ್ಯಾಳ, ಕೈ ಮಾಸಬಾರದಂತ. ಹಿಂಗಾದ್ರ ಸೋಮವಾರದಿಂದ ಬರಬ್ಯಾಡ ಅಂದಾನ ಮುಕಾದಮ.”

“ಸುಮ್ನಿರಬೇ” ಎಂದಳು ಅವ್ವ, ತಲೆ ಎತ್ತದೆ. “ಮನಿಗೆ ಹೋಗಿ ಅವನ ಅಂಗಿ, ಪುಸ್ತಕ ಮುಟ್ಟಬೇಕಲ್ಲ, ಅದಕ್ಕ.”

ಏನು ಹೇಳಬೇಕೆಂದು ಮನಸ್ಸಿನಲ್ಲಿ ಒಂದು ವಾಕ್ಯವನ್ನು ಕಟ್ಟತೊಡಗಿದೆ, ಅದು ಮುಗಿಯಲಿಲ್ಲ. ಪಕ್ಕದಲ್ಲಿ ಕುಳಿತು, ಅವಳ ಕೈ ಹಿಡಿದು ಒಂದೊಂದೇ ಚಿಂದಿಯನ್ನು ಬಿಚ್ಚಿದೆ.

“ನೌಕರಿ ನಿನ್ನ ಕೈಯಿಂದ ಹೋಗಿಲ್ಲವ್ವಾ.”

“ಮತ್ತ ಯಾರ ಕೈಯಿಂದ ಹೋತು?”

“ಗೊತ್ತಿಲ್ಲ. ಸಾಲಿ ಕಲ್ತದ್ದು ಮಾತ್ರ ಈ ಕೈಯಿಂದ.”

ಅವಳು ಬಿಚ್ಚಿದ ಚಿಂದಿಗಳನ್ನು ಮಡಿಲಿಗೆ ಹಾಕಿಕೊಂಡಳು. ಪಕ್ಕದವಳು ಒಂದು ಹಿಡಿ ಕಾಯಿಯನ್ನು ನನ್ನ ಮುಂದೆ ಸರಿಸಿ, “ಮಾತು ಸಾಕು ಮಾಸ್ತರ, ಲಗೂ ತೊಟ್ಟು ಬಿಡಸ್ರಿ, ರಾಶಿ ಹಂಗ ಐತಿ” ಎಂದಳು. ಸಂಜೆಯವರೆಗೆ ಬಿಡಿಸಿದೆ. ಬೆರಳುಗಳು ಉರಿದವು. ಮೂಗು ತುರಿಸಿದಾಗ ಕೈ ಎತ್ತಿ, ನೆನಪಾಗಿ ಇಳಿಸಿದೆ. ಇಪ್ಪತ್ತು ವರ್ಷ ಅವ್ವ ಹೀಗೆ ತನ್ನ ಮುಖವನ್ನೇ ಮುಟ್ಟದೆ ಸಂಜೆ ಮಾಡಿದ್ದಳು. ರಾಶಿ ಮುಗಿಯಿತು. ಕೆಲಸದ ಮೇಲ್ವಿಚಾರಣೆಯ ಮುಕಾದಮ ಬಂದು ನೋಡಿ ಸುಮ್ಮನೆ ಮುಂದಕ್ಕೆ ಹೋದ.

ಸೋಮವಾರ ಬೆಳಗ್ಗೆ, “ಅವ್ವಾ, ಕರ್ಚೀಫು ಮಡಚಿ ಕೊಡು” ಎಂದೆ.

“ಕೈ ಎರಡ ಸಲ ತೊಳದೇನಿ. ಆದ್ರೂ ಘಾಟು ಇರ್ತೈತೋ ಏನೋ.”

“ಇರಲಿ.”

ಬಸ್ಸಿನಲ್ಲಿ ಎಂದಿನ ನೂಕುನುಗ್ಗಲು. ನಿಂತೇ ಹೋಗಬೇಕಾಯಿತು, ಕಾಲುಗಳು ಬೆಳಗ್ಗೆಯೇ ಸೋತಿದ್ದವು. ಬೆವರು ಒರೆಸಲು ಕರ್ಚೀಫು ತೆಗೆದೊಡನೆ ನನಗೂ, ಪಕ್ಕದಲ್ಲಿ ಕುಳಿತಿದ್ದ ಹಲಗೇರಿಯ ಹಿರಿಯರಿಗೂ ಒಟ್ಟಿಗೇ ಸೀನು ಬಂದಿತು.

“ಏನ್ರಿ ಇದು ಘಾಟು! ಮೆಣಸಿನಕಾಯಿ ವ್ಯಾಪಾರ ಏನ್ರಿ ನಿಮ್ದು?”

ಈ ಬಾರಿ ಉತ್ತರವನ್ನು ತಿದ್ದಿಕೊಳ್ಳುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಅಲ್ರಿ. ನಮ್ಮವ್ವ ತೊಟ್ಟು ಬಿಡಸ್ತಾಳ್ರಿ” ಎಂದೆ.

ಅವರು ತುಸು ಸರಿದು, ಅರ್ಧ ಸೀಟು ಬಿಟ್ಟುಕೊಟ್ಟರು. ಕುಳಿತೆ.