ಟೀಚರಮ್ಮನ ಬೈಬಲ್ ಅಂಚು
ನಮ್ಮ ಚರ್ಚಿನ ಟೀಚರಮ್ಮನಿಗೆ ಆತುರ ಅಂದರೆ ಆಗದು. "ಇದು ದೇವರ ಚಿತ್ತವೇನಮ್ಮಾ?" ಎಂದು ಯಾರೇ ಓಡಿಬಂದರೂ, "ಕೂತ್ಕೊ, ನೀರು ಕುಡಿ, ಮೂರು ದಿನ ಪ್ರಾರ್ಥನೆ ಮಾಡು" ಅನ್ನುತ್ತಾರೆ, ಮನೆಗೆ ಬೆಂಕಿ ಬಿದ್ದರೂ ಹೀಗೇ ಅಂದಾರು! ಪಾದ್ರಿಗಳೂ ಪ್ರಸಂಗ ಮುಗಿಸಿ ಅವರ ಮುಖವನ್ನೇ ನೋಡುತ್ತಾರೆ. ಟೀಚರಮ್ಮ ಕನ್ನಡಕ ಒರೆಸಿಕೊಂಡರೆ ಪ್ರಸಂಗ ಎಲ್ಲೋ ಎಡವಿದೆ ಎಂದೇ ಅರ್ಥ. ಈ ವಿವೇಕ ಹುಟ್ಟಿನಿಂದಲೇ ಬಂದದ್ದೆಂದು ನಂಬಿದ್ದೆ. ಮೊನ್ನೆ ಅವರ ಬೈಬಲ್ ಹೊಲಿಗೆ ಬಿಚ್ಚಿಕೊಂಡು ನನ್ನ ಬೈಂಡಿಂಗ್ ಅಂಗಡಿಗೆ ಬಂತು. ಗದರಿಸುವ ವಚನಗಳ ಪಕ್ಕದಲ್ಲೆಲ್ಲ ಅವರ ಹರೆಯದ ದುಂಡು ಅಕ್ಷರ: "ಇದು ನಾದಿನಿಗೆ", "ಇದು ಪಕ್ಕದ ಮನೆಯವಳಿಗೆ", "ಇದು ಪಾದ್ರಿಗೆ". ಒಂದೊಂದನ್ನೂ ಹೊಡೆದುಹಾಕಿ, ವರ್ಷಗಳುದ್ದಕ್ಕೂ, ನಡುಗುತ್ತಾ ಹೋದ ಕೈಯಲ್ಲಿ ತಿದ್ದಿದ್ದಾರೆ: "ಇದು ನನಗೆ." ಅಂಟಿನ ಕೈ ತೊಳೆದು ಬಂದೇ ನಾನು ಸೂಜಿ ಹಿಡಿದೆ.