ಬಾಗಿದ ಸಾಲುಗಳು

ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನನಗೆ ದಿನವೂ ಒಂದಷ್ಟು ವೆಬ್ ಪುಟ, ಪಿಡಿಎಫ್ ಓದದೆ ಗತಿಯಿಲ್ಲ. ಬ್ರೌಸರಿನಲ್ಲಿ ಜಾಹೀರಾತುಗಳು ಕುಣಿಯುತ್ತವೆ, ಅಕ್ಷರಗಳು ತೀರಾ ಸಣ್ಣ. ಹಾಗಾಗಿ ಟಿಪ್ಪಣಿ ಬರೆಯಲು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಟೆಕ್ಸ್ಟ್ ಎಡಿಟರನ್ನೇ ಓದುವುದಕ್ಕೂ ಒಗ್ಗಿಸಿಕೊಂಡೆ. ಪುಟದ ವಿಳಾಸ ಕೊಟ್ಟರೆ ಚಿತ್ರ, ಜಾಹೀರಾತು ಎಲ್ಲ ಉದುರಿ ಬರಿಯ ಬರಹ ಉಳಿಯುತ್ತದೆ. ಕಪ್ಪು ಹಿನ್ನೆಲೆ, ಹಳದಿ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ. ಇದನ್ನೆಲ್ಲ ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದು, ಕೆಡಿಸಿ, ಮತ್ತೆ ಬರೆದು ನಾನೇ ಕಲಿತೆ.

ಆದರೆ ಅಕ್ಷರದ ಗಾತ್ರ ಹಿಗ್ಗಿಸುವಾಗಲೆಲ್ಲ ಒಳಗೆ ಅಳುಕು. ಅಮ್ಮನಿಗೆ ಐವತ್ತು ದಾಟಿದ ಮೇಲೆ ಎದುರಿದ್ದವರ ಮುಖದ ನಡುಭಾಗ ಕಾಣದಾಗಿತ್ತು. ಮಾತಾಡುವಾಗ ನಮ್ಮ ಕಿವಿಯ ಕಡೆ ನೋಡುತ್ತಿದ್ದಳು. ನನಗೀಗ ಅದೇ ವಯಸ್ಸು.

ಒಂದು ದಿನ ಹೊಸ ಫಾಂಟ್ ಹಾಕಿದೆ. ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದವು. ಕಣ್ಣೇ ಹೋಯಿತೇ ಎಂದುಕೊಂಡೆ. ಹಳೆಯ ಫಾಂಟಿಗೆ ಮರಳಿದಾಗ ಸರಿಹೋಯಿತು. ಕಣ್ಣಲ್ಲ, ಫಾಂಟು ಎಂದು ನಕ್ಕೆ. ಅದೇ ವಾರ ಸಾಲುಗಳು ನಡುವೆ ಬಾಗತೊಡಗಿದವು, ಯಾರೋ ಕೆಳಗಿನಿಂದ ಒತ್ತಿದ ಹಾಗೆ. ಇದೂ ಸೆಟ್ಟಿಂಗಿನ ದೋಷವೇ ಇರಬೇಕೆಂದುಕೊಂಡು ಸಾಲಿನ ಅಂತರ ಬದಲಿಸಿದೆ, ಅಗಲ ಕಿರಿದು ಮಾಡಿದೆ, ಕೊನೆಗೆ ಎಡಿಟರನ್ನೇ ತೆಗೆದು ಹೊಸದಾಗಿ ಹಾಕಿದೆ. ಬಾಗು ಹೋಗಲಿಲ್ಲ. ಎಡಿಟರೇ ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತಲ್ಲ.

ಸಂಜೆ ಪಂಪ್ ರಿಪೇರಿ ಕೆಲಸ ಮುಗಿಸಿ ಬಂದ ಗಂಡನನ್ನು ಕರೆದೆ. "ಈ ಸಾಲು ಹೆಂಗೆ ಕಾಣ್ತದೆ ನೋಡಿ."

"ಎಂತ ಆಗಿದೆ? ನೆಟ್ಟಗೇ ಇದ್ಯಲ್ಲ."

"ಮಧ್ಯ ಬಗ್ಗಿಲ್ವಾ?"

"ಇಲ್ಲ ಮಾರಾಯ್ತಿ."

ಎಡಗಣ್ಣು ಮುಚ್ಚಿ ನೋಡಿದೆ, ಸಾಲು ನೆಟ್ಟಗಿತ್ತು. ಬಲಗಣ್ಣು ಮುಚ್ಚಿದೆ, ಬಾಗಿತು. ಗಂಡನಿಗೆ ಹೇಳಿದೆ. ಅವರು "ಬೆಳಿಗ್ಗೆ ಸಾಗರಕ್ಕೆ ಹೋಗಿ ತೋರಿಸ್ಕೊಂಡು ಬರಾಣ" ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಅಂಗಡಿಗಳ ಬೋರ್ಡ್ ಓದುತ್ತ ಕೂತೆ. ಹೊಸನಗರದಲ್ಲಿ ಒಂದು ಬೋರ್ಡಿನ ನಡುವಿನ ಅಕ್ಷರ ಕರಗಿ ಹೋಗಿತ್ತು. ಗಂಡ ನನ್ನ ಕೈ ಹಿಡಿದು ಕೆಳಗಿಳಿಸಿದರು. "ಸಾಕು ಬಿಡು, ಹೆದ್ರಿಕೆ ಜಾಸ್ತಿ ಆಗ್ತದೆ."

ಸಾಗರದ ಕಣ್ಣಿನ ಡಾಕ್ಟರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. ಎಡಗಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳ ಸೋರುತ್ತಿದೆ, ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ತಡ ಮಾಡಬಾರದು ಎಂದರು. ಕಣ್ಣಿಗೆ ಸೂಜಿ! ನಾನು ಬಾಗಿಲ ಕಡೆ ನೋಡಿದೆ.

"ಮರಗಟ್ಟಕ್ಕೆ ಡ್ರಾಪ್ಸ್ ಹಾಕ್ತೀವಿ, ನೋವು ಗೊತ್ತಾಗಲ್ಲ" ಎಂದರು ಡಾಕ್ಟರು.

ಅದು ನಿಜವಾಯಿತು. ನೋವಿರಲಿಲ್ಲ. ಸೂಜಿ ಹತ್ತಿರ ಬರುವುದು ಮಾತ್ರ ಕಾಣುತ್ತಿತ್ತು.

ಇಂಜೆಕ್ಷನ್ನುಗಳು ಮುಂದುವರಿದಿವೆ. ಬಾಗು ತುಸು ಇಳಿದಿದೆ, ಪೂರ್ತಿ ಹೋಗಿಲ್ಲ. ಬಲಗಣ್ಣು ಸದ್ಯ ಚೆನ್ನಾಗಿದೆ. ಆ 'ಸದ್ಯ' ಡಾಕ್ಟರದ್ದೇ ಮಾತು. ಮೊನ್ನೆ ಎಡಿಟರಿನಲ್ಲಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯನ್ನೂ ಜೋಡಿಸಿದೆ. ಕಣ್ಣು ಮುಚ್ಚಿ ಕೇಳುತ್ತ ಅಭ್ಯಾಸ ಮಾಡಿಕೊಳ್ಳೋಣ ಎಂದು ಕೂತೆ. ಯಂತ್ರದ ದನಿ ತಡವರಿಸದೆ ಓದುತ್ತ ಹೋಯಿತು. ಒಂದು ಪ್ಯಾರಾ ಮುಗಿಯುವಷ್ಟು ಹೊತ್ತೂ ತಡೆದುಕೊಳ್ಳಲಾಗಲಿಲ್ಲ. ಅಕ್ಷರಗಳು ಇನ್ನೂ ಇವೆಯೇ ಎಂದು ಕಣ್ಣು ತೆರೆದುಬಿಟ್ಟೆ.